ಮದ್ದಿಗೆ ಮದ್ದು ಜೊತೆಯಾದಾಗ: ಸಸ್ಯಗಳ ಸಾರತೈಲ ಮತ್ತು ಆ್ಯಂಟಿಬಯೋಟಿಕ್

ಯಲ್ಲಾಪುರದಿಂದ ಅರಬೈಲು ಘಟ್ಟದ ಕಡೆಗೆ ಸಾಗುವ ಹೆದ್ದಾರಿಯಲ್ಲಿರುವ ನಮ್ಮ ಇಡಗುಂದಿಯ ಸುತ್ತಲಿನ ತೋಟಗಳಲ್ಲಿ ಅಡಿಕೆ ಒಂಟಿಯಾಗಿ ಬೆಳೆಯುವುದಿಲ್ಲ. ಅಡಿಕೆಮರವನ್ನು ತಬ್ಬಿ ಕಾಳುಮೆಣಸಿನ ಬಳ್ಳಿ ಏರುತ್ತದೆ. ಅದರ ನೆರಳಿನಲ್ಲಿ ಏಲಕ್ಕಿ, ಅಂಚಿನಲ್ಲಿ ದಾಲ್ಚಿನ್ನಿ ಮತ್ತು ಜಾಯಿಕಾಯಿ, ಹಿತ್ತಿಲಿನಲ್ಲಿ ತುಳಸಿ, ದೊಡ್ಡಪತ್ರೆ, ಮಜ್ಜಿಗೆಹುಲ್ಲು. ಇವುಗಳ ಎಲೆಯನ್ನೋ ಕಾಯಿಯನ್ನೋ ತೊಗಟೆಯನ್ನೋ ಬೆರಳಿನಲ್ಲಿ ಹೊಸಕಿದರೆ ಹೊಮ್ಮುವ ಪರಿಮಳವು ಆಯಾ ಗಿಡದ ಸಾರತೈಲದ್ದು. ಕೀಟ, ಶಿಲೀಂಧ್ರ, ಬ್ಯಾಕ್ಟೀರಿಯಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಗಿಡವು ತನ್ನೊಳಗೇ ತಯಾರಿಸಿಕೊಳ್ಳುವ ದ್ರವ್ಯಗಳಲ್ಲಿ ಇದೂ ಒಂದು.

ಈಚೆಗೆ ಚಿಕಿತ್ಸೆಗೆ ಬರುವವರು ಒಂದು ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. "ಆ್ಯಂಟಿಬಯೋಟಿಕ್ ಗುಳಿಗೆಗಳು ಈಗ ಮೊದಲಿನಂತೆ ನಾಟುತ್ತಿಲ್ಲವಂತೆ. ಲವಂಗದ ಎಣ್ಣೆಯನ್ನೋ ದಾಲ್ಚಿನ್ನಿ ಎಣ್ಣೆಯನ್ನೋ ಜೊತೆಗೆ ಕೊಟ್ಟರೆ ನಾಟುತ್ತವಂತೆ. ಇದು ನಿಜವೇ?" ಪ್ರಯೋಗಾಲಯದ ಮಟ್ಟಿಗೆ ಇದರಲ್ಲಿ ಸತ್ಯಾಂಶವಿದೆ. ಆದರೆ ಆ ಸತ್ಯವನ್ನು ನೇರವಾಗಿ ಮನೆಗೆ ತಂದು, ಗುಳಿಗೆಯನ್ನು ಕಡಿಮೆ ಮಾಡಿ ಎಣ್ಣೆಯನ್ನು ಸೇರಿಸಹೊರಟರೆ ಪ್ರಾಣಕ್ಕೆ ಸಂಚಕಾರ ಬರಬಹುದು. ಈ ಎರಡೂ ಮಾತುಗಳನ್ನು ಕಾರಣಸಹಿತ ತಿಳಿಸುವುದು ಈ ಲೇಖನದ ಉದ್ದೇಶ.

ರೋಗಾಣುಗಳು ಮದ್ದನ್ನು ಗೆಲ್ಲುವ ಬಗೆ

1928ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಅವರು, ಗಾಜಿನ ತಟ್ಟೆಯೊಂದರಲ್ಲಿ ಬೆಳೆದ ಬೂಷ್ಟು ತನ್ನ ಸುತ್ತಲಿನ ಬ್ಯಾಕ್ಟೀರಿಯಗಳನ್ನು ಕರಗಿಸಿದ್ದನ್ನು ಗಮನಿಸಿದರು. ಅದರಿಂದ ದೊರೆತ ಪೆನಿಸಿಲಿನ್ ಕೋಟ್ಯಂತರ ಜನರ ಪ್ರಾಣವನ್ನು ಉಳಿಸಿತು. ಫ್ಲೆಮಿಂಗ್, ಫ್ಲೋರಿ, ಚೇಯ್ನ್ ಈ ಮೂವರಿಗೆ 1945ರ ನೊಬೆಲ್ ಪಾರಿತೋಷಕ ಸಂದಿತು. ಅದನ್ನು ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲಿಯೇ ಫ್ಲೆಮಿಂಗ್ ಅವರು ಒಂದು ಎಚ್ಚರಿಕೆಯನ್ನೂ ನೀಡಿದ್ದರು. ಸಾಲದಷ್ಟು ಪ್ರಮಾಣದಲ್ಲಿ ಪೆನಿಸಿಲಿನ್ ಸೇವಿಸಿದರೆ ರೋಗಾಣುಗಳು ಸಾಯುವ ಬದಲು ಅದನ್ನು ತಾಳಿಕೊಳ್ಳಲು ಕಲಿಯುತ್ತವೆ ಎಂಬುದು ಅದರ ಸಾರ.

ಈ ಕಲಿಕೆ ಎಷ್ಟು ಶೀಘ್ರವೆಂದರೆ, ಅನುಕೂಲಕರ ಪರಿಸ್ಥಿತಿಯಲ್ಲಿ ಇ. ಕೋಲಿ ಎಂಬ ಬ್ಯಾಕ್ಟೀರಿಯವು ಸುಮಾರು 20 ನಿಮಿಷಕ್ಕೊಮ್ಮೆ ಇಬ್ಭಾಗವಾಗುತ್ತದೆ. ಆ ಲೆಕ್ಕದಲ್ಲಿ ಒಂದು ಬ್ಯಾಕ್ಟೀರಿಯವು 10 ಗಂಟೆಗಳಲ್ಲಿ 100 ಕೋಟಿಯನ್ನು ದಾಟುತ್ತದೆ. ಅಷ್ಟು ಸಂಖ್ಯೆಯಲ್ಲಿ ಕೆಲವು ಮದ್ದನ್ನು ಸಹಿಸುವ ಗುಣವನ್ನು ಪಡೆದಿರುವುದು ಸಹಜ. ಪೂರ್ಣ ಪ್ರಮಾಣದ ಮದ್ದು ಅವುಗಳನ್ನೂ ದುರ್ಬಲಗೊಳಿಸುತ್ತದೆ, ಉಳಿದ ಕೆಲಸವನ್ನು ದೇಹದ ಬಲವೇ ಮಾಡಿ ಮುಗಿಸುತ್ತದೆ. ಅರೆಬರೆ ಮದ್ದು ದುರ್ಬಲವಾದವುಗಳನ್ನು ಮಾತ್ರ ಕೊಂದು ಬಲಶಾಲಿಗಳಿಗೆ ಜಾಗ ತೆರವು ಮಾಡಿಕೊಡುತ್ತದೆ.

ಬ್ಯಾಕ್ಟೀರಿಯಗಳು ಮದ್ದನ್ನು ಎದುರಿಸುವ ಮುಖ್ಯ ಮಾರ್ಗಗಳು ನಾಲ್ಕು. ಮೊದಲನೆಯದು, ಮದ್ದನ್ನೇ ಕತ್ತರಿಸಿ ಹಾಕುವ ಕಿಣ್ವವನ್ನು ತಯಾರಿಸುವುದು. ಎರಡನೆಯದು, ಹೊರಗೋಡೆಯ ದ್ವಾರಗಳನ್ನು ಕಿರಿದು ಮಾಡಿ ಮದ್ದು ಒಳಗೆ ಬಾರದಂತೆ ತಡೆಯುವುದು. ಮೂರನೆಯದು, ಒಳಹೊಕ್ಕ ಮದ್ದನ್ನು ಹೊರಹಾಕುವುದು. ಮಳೆಗಾಲದಲ್ಲಿ ತೋಟದ ಬಸಿಗಾಲುವೆಯು ಹೆಚ್ಚಿನ ನೀರನ್ನು ಹೊರಗೆ ಸಾಗಿಸುವಂತೆ, ಬ್ಯಾಕ್ಟೀರಿಯದ ಪೊರೆಯಲ್ಲಿರುವ ಪಂಪುಗಳು ಮದ್ದನ್ನು ಹೊರಗೆ ತಳ್ಳುತ್ತವೆ. ನಾಲ್ಕನೆಯದು, ಮದ್ದು ತಾಗಬೇಕಾದ ಸ್ಥಾನದ ರೂಪವನ್ನೇ ಬದಲಿಸಿಕೊಳ್ಳುವುದು. ಇವಲ್ಲದೆ ಅನೇಕ ಬ್ಯಾಕ್ಟೀರಿಯಗಳು ಗಾಯದ ಮೇಲೆ, ಹಲ್ಲಿನ ಮೇಲೆ ಲೋಳೆಯ ಪೊರೆಯನ್ನು ಕಟ್ಟಿಕೊಂಡು ಅದರೊಳಗೆ ಗುಂಪಾಗಿ ವಾಸಿಸುತ್ತವೆ. ಆ ಪೊರೆಯನ್ನು ದಾಟಿ ಮದ್ದು ಒಳಸೇರುವುದು ಕಷ್ಟ.

ಈ ಸಮಸ್ಯೆಯ ಗಾತ್ರ ಸಣ್ಣದಲ್ಲ. ಔಷಧಗಳಿಗೆ ಬಗ್ಗದ ಬ್ಯಾಕ್ಟೀರಿಯಗಳ ಸೋಂಕೇ ನೇರ ಕಾರಣವಾಗಿ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನರು ಸಾವಿಗೀಡಾದರೆಂದು 2022ರಲ್ಲಿ ಲ್ಯಾನ್ಸೆಟ್ ಪತ್ರಿಕೆಯು ಪ್ರಕಟಿಸಿದ ಅಂದಾಜು ತಿಳಿಸುತ್ತದೆ. ನಮ್ಮ ದೇಶದಲ್ಲಿ 2014ರ ಮಾರ್ಚ್ 1ರಿಂದ ಕೆಲವು ಮುಖ್ಯ ಆ್ಯಂಟಿಬಯೋಟಿಕ್‌ಗಳನ್ನು ಎಚ್-1 ಎಂಬ ಪಟ್ಟಿಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದೂ ಮಾರಿದ್ದರ ದಾಖಲೆಯನ್ನು ಅಂಗಡಿಯವರು ಇಡಬೇಕೆಂದೂ ನಿಯಮ ಮಾಡಲಾಗಿದೆ. ಹೊಸ ಆ್ಯಂಟಿಬಯೋಟಿಕ್‌ಗಳು ಬರುವುದು ವಿರಳವಾಗಿರುವುದರಿಂದ, ಇರುವ ಮದ್ದುಗಳ ಬಲವನ್ನು ಹೆಚ್ಚಿಸುವ ಜೊತೆಗಾರ ದ್ರವ್ಯಗಳನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಸಸ್ಯಗಳ ಸಾರತೈಲಗಳು ಚರ್ಚೆಗೆ ಬಂದದ್ದು ಈ ಹುಡುಕಾಟದಲ್ಲಿ.

ಸಾರತೈಲ ಯಾವುದು, ಯಾವುದಲ್ಲ

ಲವಂಗವನ್ನು ಕೊಬ್ಬರಿ ಎಣ್ಣೆಯಲ್ಲಿ ಹಾಕಿ ಕಾಯಿಸಿದರೆ ದೊರೆಯುವುದು ಲವಂಗದ ಗುಣವನ್ನು ಅಲ್ಪಾಂಶದಲ್ಲಿ ಪಡೆದ ಕೊಬ್ಬರಿ ಎಣ್ಣೆಯೇ ಹೊರತು ಸಾರತೈಲವಲ್ಲ. ಸಸ್ಯಭಾಗದ ಮೂಲಕ ನೀರಿನ ಹಬೆಯನ್ನು ಹಾಯಿಸಿ, ಆ ಹಬೆಯನ್ನು ತಣಿಸಿ, ನೀರಿನ ಮೇಲೆ ತೇಲುವ ಅಥವಾ ತಳದಲ್ಲಿ ನಿಲ್ಲುವ ತೈಲವನ್ನು ಬೇರ್ಪಡಿಸಿದರೆ ಸಾರತೈಲ ಸಿಗುತ್ತದೆ. ಇದು ಗಾಳಿಗಿಟ್ಟರೆ ಆರಿಹೋಗುವ, ಅತ್ಯಂತ ಸಾಂದ್ರವಾದ ದ್ರವ್ಯ. ಒಂದು ತೊಟ್ಟಿನಲ್ಲಿ ಅಡಿಗೆಗೆ ಬಳಸುವ ಎಷ್ಟೋ ಮೊಗ್ಗುಗಳ ಸತ್ತ್ವವಿರುತ್ತದೆ.

ಲವಂಗದ ತೈಲದಲ್ಲಿ ಮುಖ್ಯವಾದದ್ದು ಯುಜಿನಾಲ್. ಓಮದ ತೈಲದಲ್ಲಿ ಥೈಮಾಲ್, ದೊಡ್ಡಪತ್ರೆಯ ತೈಲದಲ್ಲಿ ಕಾರ್ವಕ್ರಾಲ್ ಮತ್ತು ಥೈಮಾಲ್, ದಾಲ್ಚಿನ್ನಿ ತೊಗಟೆಯ ತೈಲದಲ್ಲಿ ಸಿನ್ನಮಾಲ್ಡಿಹೈಡ್, ಮಜ್ಜಿಗೆಹುಲ್ಲಿನಲ್ಲಿ ಸಿಟ್ರಾಲ್. ದಾಲ್ಚಿನ್ನಿಯ ಎಲೆಯಿಂದ ತೆಗೆದ ತೈಲದಲ್ಲಿ ಮಾತ್ರ ಯುಜಿನಾಲ್ ಅಧಿಕ. ಒಂದೇ ಮರದ ತೊಗಟೆಗೂ ಎಲೆಗೂ ಇಷ್ಟು ವ್ಯತ್ಯಾಸವಿರುವಾಗ, "ದಾಲ್ಚಿನ್ನಿ ಎಣ್ಣೆ" ಎಂಬ ಹೆಸರನ್ನಷ್ಟೇ ನೋಡಿ ಕೊಂಡರೆ ಸೀಸೆಯೊಳಗೆ ಏನಿದೆಯೆಂದು ತಿಳಿಯುವುದಿಲ್ಲ. ಮಣ್ಣು, ಋತು, ಕೊಯ್ಲಿನ ಕಾಲ, ಬಟ್ಟಿ ಇಳಿಸುವ ಕ್ರಮ ಇವುಗಳಿಂದಲೂ ತೈಲದ ಅಂಶಗಳು ಬದಲಾಗುತ್ತವೆ.

ಜೊತೆಗೂಡಿದಾಗ ನಡೆಯುವುದೇನು

ನಮ್ಮ ಕೃಷಿಕರಿಗೆ ಕೊಳೆರೋಗದ ಬೋರ್ಡೋ ಔಷಧಿ ಚಿರಪರಿಚಿತ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಇದಕ್ಕೆ ರಾಳದ ಅಂಟನ್ನು ಸೇರಿಸುವ ರೂಢಿಯೂ ಇದೆ. ಆ ಅಂಟು ಕೊಳೆರೋಗದ ಶಿಲೀಂಧ್ರವನ್ನು ಕೊಲ್ಲುವುದಕ್ಕಾಗಿ ಸೇರಿಸಿದ್ದಲ್ಲ. ಜಡಿಮಳೆಗೆ ತೊಳೆದುಹೋಗದಂತೆ ತುತ್ತವನ್ನು ಕೊನೆಯ ಮೇಲೆ ಹಿಡಿದಿಡುವುದು ಅದರ ಕೆಲಸ. ಹೀಗೆ ಮುಖ್ಯ ಮದ್ದು ಒಂದು, ಅದರ ಕೆಲಸವನ್ನು ಸುಗಮಗೊಳಿಸುವ ಸಹಾಯಕ ಇನ್ನೊಂದು. ಆ್ಯಂಟಿಬಯೋಟಿಕ್ ಚಿಕಿತ್ಸೆಯಲ್ಲಿಯೂ ಇಂತಹ ಜೋಡಿ ಹೊಸದೇನಲ್ಲ. ಔಷಧದ ಅಂಗಡಿಗಳಲ್ಲಿ ನಿತ್ಯ ಮಾರಾಟವಾಗುವ ಅಮಾಕ್ಸಿಸಿಲಿನ್ ಮತ್ತು ಕ್ಲಾವುಲಾನಿಕ್ ಆಮ್ಲದ ಗುಳಿಗೆಯನ್ನು ನೋಡಿರಿ. ಇದರಲ್ಲಿ ಕ್ಲಾವುಲಾನಿಕ್ ಆಮ್ಲಕ್ಕೆ ಸ್ವತಃ ಬ್ಯಾಕ್ಟೀರಿಯವನ್ನು ಕೊಲ್ಲುವ ಶಕ್ತಿ ಅತ್ಯಲ್ಪ. ಅಮಾಕ್ಸಿಸಿಲಿನ್ನನ್ನು ಕತ್ತರಿಸುವ ಕಿಣ್ವವನ್ನು ಅದು ಹಿಡಿದು ನಿಲ್ಲಿಸುತ್ತದೆ. ಆಗ ಅಮಾಕ್ಸಿಸಿಲಿನ್ ತನ್ನ ಕೆಲಸವನ್ನು ಮಾಡುತ್ತದೆ.

ಸಾರತೈಲಗಳು ಸಹಾಯಕನಾಗುವ ರೀತಿ ಬೇರೆ. ಇವು ಕೊಬ್ಬಿನಲ್ಲಿ ಬೆರೆಯುವ ದ್ರವ್ಯಗಳು. ಬ್ಯಾಕ್ಟೀರಿಯದ ಜೀವಪೊರೆಯು ಹೆಚ್ಚಾಗಿ ಕೊಬ್ಬಿನಿಂದಲೇ ಆಗಿರುವುದರಿಂದ ಥೈಮಾಲ್, ಕಾರ್ವಕ್ರಾಲ್‌ನಂತಹ ಅಂಶಗಳು ಆ ಪೊರೆಯೊಳಗೆ ನುಗ್ಗಿ ಅದನ್ನು ಸಡಿಲಗೊಳಿಸುತ್ತವೆ. ಸಡಿಲವಾದ ಪೊರೆಯ ಮೂಲಕ ಆ್ಯಂಟಿಬಯೋಟಿಕ್ ಹೆಚ್ಚು ಪ್ರಮಾಣದಲ್ಲಿ ಒಳಸೇರುತ್ತದೆ. ಕೆಲವು ಸಸ್ಯದ್ರವ್ಯಗಳು ಮದ್ದನ್ನು ಹೊರದೂಡುವ ಪಂಪುಗಳಿಗೆ ಅಡ್ಡಿಯಾಗುತ್ತವೆ. ಇನ್ನು ಕೆಲವು ಲೋಳೆಯ ಪೊರೆ ಕಟ್ಟುವುದನ್ನು ತಡೆಯುತ್ತವೆ.

ಇದನ್ನು ಅಳೆಯುವ ಪರೀಕ್ಷೆಗೆ ಚದುರಂಗದ ಮಣೆಯ ಹೆಸರೇ ಇದೆ. 96 ಪುಟ್ಟ ಕುಳಿಗಳಿರುವ ತಟ್ಟೆಯಲ್ಲಿ ಒಂದು ದಿಕ್ಕಿಗೆ ಆ್ಯಂಟಿಬಯೋಟಿಕ್‌ನ ಪ್ರಮಾಣವನ್ನೂ ಇನ್ನೊಂದು ದಿಕ್ಕಿಗೆ ತೈಲದ ಪ್ರಮಾಣವನ್ನೂ ಕ್ರಮವಾಗಿ ಏರಿಸುತ್ತ ಹೋಗಿ, ಎಲ್ಲ ಕುಳಿಗಳಿಗೂ ಬ್ಯಾಕ್ಟೀರಿಯವನ್ನು ಹಾಕುತ್ತಾರೆ. ಮರುದಿನ ಯಾವ ಕುಳಿ ಕದಡಿದೆ, ಯಾವುದು ತಿಳಿಯಾಗಿ ಉಳಿದಿದೆ ಎಂದು ನೋಡುತ್ತಾರೆ. ಉದಾಹರಣೆಗೆ ಒಂಟಿಯಾಗಿ 8 ಮೈಕ್ರೋಗ್ರಾಂ ಬೇಕಾಗಿದ್ದ ಆ್ಯಂಟಿಬಯೋಟಿಕ್ ತೈಲದ ಜೊತೆಯಲ್ಲಿ 2 ಮೈಕ್ರೋಗ್ರಾಂ ಸಾಕಾದರೆ ಅದು ಕಾಲು ಪಾಲು. 400 ಬೇಕಾಗಿದ್ದ ತೈಲ 100 ಸಾಕಾದರೆ ಅದೂ ಕಾಲು ಪಾಲು. ಎರಡನ್ನೂ ಕೂಡಿಸಿದರೆ ಅರ್ಧ, ಅಂದರೆ 0.5. ಈ ಮೊತ್ತವು 0.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಎರಡೂ ಪರಸ್ಪರ ಬಲ ನೀಡುತ್ತಿವೆ ಎಂದು ತೀರ್ಮಾನ. 4ನ್ನು ಮೀರಿದರೆ ಒಂದು ಇನ್ನೊಂದಕ್ಕೆ ಅಡ್ಡಿ ಎಂದು ಅರ್ಥ. ಯುಜಿನಾಲ್, ಥೈಮಾಲ್, ಕಾರ್ವಕ್ರಾಲ್, ಸಿನ್ನಮಾಲ್ಡಿಹೈಡ್ ಇವುಗಳನ್ನು ವಿವಿಧ ಆ್ಯಂಟಿಬಯೋಟಿಕ್‌ಗಳೊಡನೆ ಪರೀಕ್ಷಿಸಿದಾಗ ಅನೇಕ ಜೋಡಿಗಳು ಪರಸ್ಪರ ಬಲ ನೀಡಿರುವುದು ದಾಖಲಾಗಿದೆ. ಎಲ್ಲ ಜೋಡಿಗಳಲ್ಲಿಯೂ ಹಾಗಾಗಿಲ್ಲ. ಸ್ಯೂಡೊಮೊನಾಸ್‌ನಂತಹ ಹಟಮಾರಿ ಬ್ಯಾಕ್ಟೀರಿಯಗಳು ತೈಲಗಳಿಗೂ ಸುಲಭವಾಗಿ ಬಗ್ಗುವುದಿಲ್ಲ.

ಕಾಳುಮೆಣಸು ತೋರಿದ ದಾರಿ

ಆಯುರ್ವೇದಕ್ಕೆ ಸಂಯೋಗದ ವಿಚಾರ ಅಪರಿಚಿತವಲ್ಲ. ಔಷಧವನ್ನು ಯಾವುದರೊಡನೆ ಕೊಡಬೇಕೆಂಬ ಅನುಪಾನದ ನಿರ್ದೇಶನ ನಮ್ಮ ಶಾಸ್ತ್ರದಲ್ಲಿ ಎಲ್ಲೆಡೆ ಇದೆ. ತಾನು ಸೇರಿದ ದ್ರವ್ಯದ ಗುಣವನ್ನು ಹೊತ್ತೊಯ್ಯುವುದಕ್ಕೆ ಯೋಗವಾಹಿ ಎಂದು ಹೆಸರು. ಜೇನಿಗೆ ಚರಕಾಚಾರ್ಯರು ಈ ಗುಣವನ್ನು ಹೇಳಿದ್ದಾರೆ. ವ್ರಣಚಿಕಿತ್ಸೆಯಲ್ಲಿ ಸುಶ್ರುತಾಚಾರ್ಯರು ಗುಗ್ಗುಳ, ಅಗರು, ಬಜೆ, ಬಿಳಿಸಾಸಿವೆ, ಬೇವಿನ ಎಲೆ ಮೊದಲಾದವುಗಳ ಧೂಪವನ್ನು ವಿಧಿಸಿದ್ದಾರೆ. ಆವಿಯಾಗುವ ಸಸ್ಯಸಾರವನ್ನು ಗಾಯದ ರಕ್ಷಣೆಗೆ ಬಳಸುವ ಪದ್ಧತಿ ಎಷ್ಟು ಪ್ರಾಚೀನವೆಂಬುದಕ್ಕೆ ಇದು ಸಾಕ್ಷಿ.

ಈ ಅರಿವನ್ನು ಆಧುನಿಕ ಪರೀಕ್ಷೆಗೆ ಒಡ್ಡಿದ ಉತ್ತಮ ನಿದರ್ಶನ ನಮ್ಮ ತೋಟದ ಬಳ್ಳಿಯಲ್ಲಿಯೇ ಇದೆ. ಶುಂಠಿ, ಮೆಣಸು, ಹಿಪ್ಪಲಿ ಸೇರಿದ ತ್ರಿಕಟುವು ಆಯುರ್ವೇದದ ಅಸಂಖ್ಯಾತ ಯೋಗಗಳಲ್ಲಿ ಏಕೆ ಕಾಣಿಸಿಕೊಳ್ಳುತ್ತದೆ ಎಂಬ ಪ್ರಶ್ನೆಯನ್ನು ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದ ವಿಜ್ಞಾನಿ ಸಿ. ಕೆ. ಅಟಲ್ ಅವರು 1970ರ ದಶಕದ ಕೊನೆಯಲ್ಲಿ ಎತ್ತಿಕೊಂಡರು. ಮೆಣಸು ಮತ್ತು ಹಿಪ್ಪಲಿಯಲ್ಲಿರುವ ಪೈಪರೀನ್ ಇತರ ಔಷಧಗಳು ರಕ್ತಕ್ಕೆ ಸೇರುವ ಪ್ರಮಾಣವನ್ನು ಹೆಚ್ಚಿಸುತ್ತದೆ ಎಂಬುದು ಅಲ್ಲಿ ನಡೆದ ಅಧ್ಯಯನಗಳಿಂದ ಹೊರಬಿತ್ತು. ಪೈಪರೀನ್ ಸಾರತೈಲವಲ್ಲ, ಮೆಣಸಿಗೆ ಖಾರವನ್ನು ಕೊಡುವ ಕ್ಷಾರಾಭ. ಆದರೂ ಸಸ್ಯದ್ರವ್ಯವು ಆ್ಯಂಟಿಬಯೋಟಿಕ್‌ಗೆ ಜೊತೆಯಾಗುವ ಮಾರ್ಗವನ್ನು ಪೂರ್ತಿಯಾಗಿ ಕ್ರಮಿಸಿದ್ದು ಇದೇ. 2006ರಲ್ಲಿ ಅದೇ ಪ್ರಯೋಗಾಲಯದವರು, ಕೀವು ಮಾಡುವ ಸ್ಟೆಫೈಲೋಕಾಕಸ್ ಬ್ಯಾಕ್ಟೀರಿಯದ ಪಂಪನ್ನು ತಡೆದು ಸಿಪ್ರೋಫ್ಲಾಕ್ಸಾಸಿನ್‌ನ ಬಲವನ್ನು ಪೈಪರೀನ್ ಹೆಚ್ಚಿಸುತ್ತದೆ ಎಂದು ಪ್ರಕಟಿಸಿದರು. 2009ರಲ್ಲಿ ರಿಫಾಂಪಿಸಿನ್ 200 ಮಿಲಿಗ್ರಾಂ, ಐಸೋನಿಯಜಿಡ್ 300 ಮಿಲಿಗ್ರಾಂ, ಪೈಪರೀನ್ 10 ಮಿಲಿಗ್ರಾಂ ಇರುವ ಕ್ಷಯರೋಗದ ಔಷಧವೊಂದು ಭಾರತದಲ್ಲಿ ಬಿಡುಗಡೆಯಾಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ತ್ರಿಕಟುವಿನ ಪ್ರಶ್ನೆಯಿಂದ ಗುಳಿಗೆಯವರೆಗೆ ಬರಲು ಸುಮಾರು ಮೂವತ್ತು ವರ್ಷಗಳು ಹಿಡಿದವು. ಆ ಗುಳಿಗೆಯಲ್ಲಿರುವುದು ಅಡಿಗೆಯ ಮೆಣಸಲ್ಲ; ತೂಕಮಾಡಿದ, ಶುದ್ಧೀಕರಿಸಿದ 10 ಮಿಲಿಗ್ರಾಂ. ರಿಫಾಂಪಿಸಿನ್ ಕಡಿಮೆಯಾದದ್ದು, ಅದು ರಕ್ತದಲ್ಲಿ ಸಾಕಷ್ಟು ಮಟ್ಟವನ್ನು ತಲುಪುತ್ತದೆಯೇ ಎಂದು ಅಳೆದು ನೋಡಿದ ನಂತರ. ಸರಕಾರಿ ಕಾರ್ಯಕ್ರಮದ ಗುಳಿಗೆಗಳನ್ನು ಸೇವಿಸುತ್ತಿರುವ ಕ್ಷಯರೋಗಿಯು ಮೆಣಸಿನ ಕಷಾಯವನ್ನು ನಂಬಿ ಒಂದು ಗುಳಿಗೆಯನ್ನೂ ಬಿಡಕೂಡದು.

ಪ್ರಯೋಗಾಲಯದಿಂದ ದೇಹಕ್ಕೆ

ಗಾಜಿನ ತಟ್ಟೆಯಲ್ಲಿ ಗೆದ್ದದ್ದು ದೇಹದಲ್ಲಿ ಏಕೆ ಸೋಲಬಹುದು? ಇದಕ್ಕೆ ನಮ್ಮ ಸರ್ಪಗಂಧಿಯೇ ಉದಾಹರಣೆ. ಅದರಿಂದ ದೊರೆಯುವ, ರಕ್ತದೊತ್ತಡಕ್ಕೆ ಬಳಕೆಯಾಗಿದ್ದ ರೆಸರ್ಪಿನ್ ಸಹ ಸ್ಟೆಫೈಲೋಕಾಕಸ್‌ನ ಪಂಪನ್ನು ತಡೆಯುತ್ತದೆ. ಆದರೆ ಅದಕ್ಕೆ ಬೇಕಾಗುವಷ್ಟು ಪ್ರಮಾಣವು ಮನುಷ್ಯನ ನರಮಂಡಲಕ್ಕೆ ವಿಷ. ಹೀಗಾಗಿ ಅದು ಪ್ರಯೋಗಾಲಯದಲ್ಲಿಯೇ ಉಳಿಯಿತು.

ಸಾರತೈಲಗಳಿಗೂ ಇದೇ ತೊಡಕು. ಆ್ಯಂಟಿಬಯೋಟಿಕ್‌ಗಳು ಕೆಲವೇ ಮೈಕ್ರೋಗ್ರಾಂಗಳಲ್ಲಿ ಕೆಲಸಮಾಡಿದರೆ ತೈಲಗಳಿಗೆ ಸಾಮಾನ್ಯವಾಗಿ ನೂರಾರು ಪಟ್ಟು ಹೆಚ್ಚು ಬೇಕು. ಬಾಯಿಯ ಮೂಲಕ ಸೇವಿಸಿದ ಥೈಮಾಲ್, ಯುಜಿನಾಲ್‌ಗಳನ್ನು ಕರುಳು ಮತ್ತು ಯಕೃತ್ತು ಬೇಗನೆ ಮಾರ್ಪಡಿಸಿ ಮೂತ್ರದ ಮೂಲಕ ಹೊರಹಾಕುತ್ತವೆ. ಶ್ವಾಸಕೋಶದಲ್ಲಿಯೋ ಮೂತ್ರಪಿಂಡದಲ್ಲಿಯೋ ಇರುವ ರೋಗಾಣುವಿನ ಬಳಿಗೆ, ತಟ್ಟೆಯಲ್ಲಿ ಇದ್ದಷ್ಟು ಸಾಂದ್ರತೆಯಲ್ಲಿ ಅವು ತಲುಪುವುದಿಲ್ಲ. ಆದುದರಿಂದ ಸದ್ಯಕ್ಕೆ ಭರವಸೆ ಹೆಚ್ಚಾಗಿರುವುದು ತೈಲವು ನೇರವಾಗಿ ತಾಗಬಹುದಾದ ಚರ್ಮ, ಗಾಯದ ಮೇಲ್ಭಾಗ ಮತ್ತು ಬಾಯಿಯಲ್ಲಿ. ದಂತವೈದ್ಯರು ಯುಜಿನಾಲ್ ಅನ್ನು ಸತುವಿನ ಭಸ್ಮದೊಡನೆ ಕಲಸಿ ಹಲ್ಲಿನ ಕುಳಿಗೆ ತುಂಬುತ್ತಾರೆ. ಬಾಯಿ ಮುಕ್ಕಳಿಸುವ ಕೆಲವು ದ್ರವಗಳಲ್ಲಿ ಥೈಮಾಲ್ ಇರುತ್ತದೆ.

ಚರ್ಮದ ವಿಷಯದಲ್ಲಿಯೂ ಫಲ ಒಂದೇ ತೆರನಾಗಿಲ್ಲ. ಆಸ್ಟ್ರೇಲಿಯಾ ಮೂಲದ ಟೀ ಟ್ರೀ ಎಂಬ ಮರದ ತೈಲವನ್ನು, ಔಷಧಕ್ಕೆ ಬಗ್ಗದ ಸ್ಟೆಫೈಲೋಕಾಕಸ್ ಅಂಟಿಕೊಂಡಿದ್ದ ರೋಗಿಗಳ ಮೇಲೆ ಬ್ರಿಟನ್ನಿನಲ್ಲಿ ಪರೀಕ್ಷಿಸಿ 2004ರಲ್ಲಿ ವರದಿ ಮಾಡಲಾಯಿತು. ಮೂಗಿನೊಳಗಿನ ಬ್ಯಾಕ್ಟೀರಿಯವನ್ನು ಮ್ಯುಪಿರೋಸಿನ್ ಮುಲಾಮು ಶೇ. 78ರಷ್ಟು ರೋಗಿಗಳಲ್ಲಿ ನಿವಾರಿಸಿದರೆ ತೈಲದ ಮುಲಾಮು ಶೇ. 47ರಷ್ಟು ಜನರಲ್ಲಿ ಮಾತ್ರ ನಿವಾರಿಸಿತು. ಚರ್ಮದ ಮೇಲಿನ ಸ್ಥಾನಗಳಲ್ಲಿ ತೈಲದ ಚಿಕಿತ್ಸೆಯೇ ಮೇಲಾಯಿತು. ಒಂದೇ ತೈಲ, ಒಂದೇ ಬ್ಯಾಕ್ಟೀರಿಯ. ದೇಹದ ಸ್ಥಾನ ಬದಲಾದಾಗ ಫಲವೂ ಬದಲಾಯಿತು.

ಎರಡು ಒಳ್ಳೆಯ ಮದ್ದುಗಳು ಸೇರಿದರೆ ಇನ್ನೂ ಒಳ್ಳೆಯದಾಗಲೇಬೇಕೆಂಬ ನಿಯಮವೂ ಇಲ್ಲ. 1951ರಲ್ಲಿ ಅಮೆರಿಕದ ವೈದ್ಯರು, ನ್ಯೂಮೋಕಾಕಸ್‌ನಿಂದ ಬರುವ ಮೆದುಳುಪೊರೆಯ ಉರಿಯೂತಕ್ಕೆ ಪೆನಿಸಿಲಿನ್ ಒಂದನ್ನೇ ಕೊಟ್ಟಾಗ ಆದದ್ದಕ್ಕಿಂತ, ಅದರೊಡನೆ ಆರಿಯೋಮೈಸಿನ್ ಅನ್ನೂ ಕೊಟ್ಟಾಗ ಬಹಳ ಹೆಚ್ಚು ಸಾವುಗಳಾದುದನ್ನು ವರದಿ ಮಾಡಿದರು. ಬೆಳೆಯುತ್ತಿರುವ ಬ್ಯಾಕ್ಟೀರಿಯವನ್ನು ಪೆನಿಸಿಲಿನ್ ಕೊಲ್ಲುತ್ತದೆ. ಆರಿಯೋಮೈಸಿನ್ ಬೆಳವಣಿಗೆಯನ್ನೇ ನಿಲ್ಲಿಸಿಬಿಡುವುದರಿಂದ ಪೆನಿಸಿಲಿನ್‌ಗೆ ಅವಕಾಶವೇ ಸಿಗಲಿಲ್ಲ. ಆಯುರ್ವೇದವು ಇದನ್ನು ಸಂಯೋಗವಿರುದ್ಧ ಎನ್ನುತ್ತದೆ. ಬೋರ್ಡೋ ಮಾಡುವಾಗ ಸುಣ್ಣ ಕಡಿಮೆಯಾದರೆ ಕೊನೆಯೇ ಸುಟ್ಟುಹೋಗುವುದನ್ನು ಬಲ್ಲವರಿಗೆ ಈ ಮಾತು ಸುಲಭವಾಗಿ ಅರ್ಥವಾದೀತು.

ಅರ್ಧ ಗುಳಿಗೆಯ ಅಪಾಯ

ಕೊನೆಕೊಯ್ಲಿನ ಕಾಲದಲ್ಲಿ ನನ್ನಲ್ಲಿಗೆ ಬಂದ ಕೊನೆಗೌಡರೊಬ್ಬರ ಸಂಗತಿಯನ್ನು ಇಲ್ಲಿ ಹೇಳಬೇಕು. ಮೊಳಕಾಲಿನ ಕೆಳಗೆ ಕತ್ತಿಯ ಏಟು ತಗುಲಿ, ಆಸ್ಪತ್ರೆಯಲ್ಲಿ ಗಾಯಕ್ಕೆ ಹೊಲಿಗೆ ಹಾಕಿಸಿಕೊಂಡು, ಐದು ದಿನಕ್ಕೆ ಆ್ಯಂಟಿಬಯೋಟಿಕ್ ಬರೆಸಿಕೊಂಡು ಬಂದಿದ್ದರು. ನನ್ನ ಬಳಿ ಬಂದಾಗ ಆರನೆಯ ದಿನ. ಕಾಲು ಬಾತು ಕೆಂಪಾಗಿತ್ತು, ಜ್ವರವಿತ್ತು, ಗಾಯದ ಸುತ್ತಲಿನ ಚರ್ಮ ಸುಟ್ಟಂತೆ ಬೊಬ್ಬೆಯೆದ್ದಿತ್ತು. ವಿಚಾರಿಸಿದಾಗ ಅವರೆಂದರು: "ಎಣ್ಣೆ ಹಚ್ಚಿದ್ರೆ ಗುಳಿಗೆ ಅರ್ಧ ಸಾಕು ಅಂತ ಮೊಬೈಲಿನಲ್ಲಿ ಬಂದಿತ್ತು ಡಾಕ್ಟ್ರೇ. ಎರಡು ದಿನ ಪೂರ್ತಿ ತಗೊಂಡೆ. ಆಮೇಲೆ ಅರ್ಧ ಮಾಡಿ, ಲವಂಗದ ಎಣ್ಣೆ ಹಚ್ಚಿದೆ."

ಅವರನ್ನು ಆ ಕ್ಷಣವೇ ಯಲ್ಲಾಪುರದ ಆಸ್ಪತ್ರೆಗೆ ಕಳುಹಿಸಿದೆ. ಒಳರೋಗಿಯಾಗಿ ಇಂಜೆಕ್ಷನ್ ಪಡೆದು ಅವರು ಗುಣವಾದರು. ಆದರೆ ಆ ಹಂಗಾಮಿನ ಮರ ಹತ್ತುವ ಕಾಯಕ ಅಲ್ಲಿಗೆ ನಿಂತಿತು. ವರ್ಷದ ದುಡಿಮೆಯ ದೊಡ್ಡ ಪಾಲು ಕೈತಪ್ಪಿತು.

ಅವರು ಓದಿದ ಸಂದೇಶದ ಮೂಲವು ಮೇಲೆ ಹೇಳಿದ ಚದುರಂಗದ ಮಣೆಯ ಪರೀಕ್ಷೆಯಂತಹದೇ ಇರಬೇಕು. ತಟ್ಟೆಯ ಕುಳಿಯಲ್ಲಿ ಕಾಲುಭಾಗ ಆ್ಯಂಟಿಬಯೋಟಿಕ್ ಸಾಕಾಯಿತೆಂದರೆ, ಅಲ್ಲಿ ತೈಲವೂ ಮದ್ದೂ ಪ್ರತಿಯೊಂದು ಬ್ಯಾಕ್ಟೀರಿಯವನ್ನು ಸಮನಾಗಿ ತಾಗಿದ್ದವು. ಕೊನೆಗೌಡರ ಕಾಲಿನಲ್ಲಿ ತೈಲವು ಚರ್ಮದ ಮೇಲೆ ಉಳಿಯಿತು, ರೋಗಾಣು ಮಾಂಸದ ಆಳದಲ್ಲಿತ್ತು. ಅಲ್ಲಿಗೆ ತಲುಪಿದ್ದು ಅರ್ಧ ಗುಳಿಗೆ ಮಾತ್ರ. ಫ್ಲೆಮಿಂಗ್ ಅವರು ಯಾವುದರ ಬಗೆಗೆ ಎಚ್ಚರಿಸಿದ್ದರೋ ಅದೇ ಇಲ್ಲಿ ನಡೆಯಿತು. ಸಾಲದಷ್ಟು ಮದ್ದು, ಬದುಕುಳಿದ ರೋಗಾಣು.

ನಮ್ಮ ಭಾಗದಲ್ಲಿ ಇನ್ನೂ ಎರಡು ಜ್ವರಗಳ ನೆನಪಿರಬೇಕು. ಗದ್ದೆ, ತೋಟಗಳ ಕೆಸರಿನಲ್ಲಿ ದುಡಿಯುವವರಿಗೆ ಬರುವ ಇಲಿಜ್ವರವು ಬ್ಯಾಕ್ಟೀರಿಯದಿಂದ ಬರುವಂತಹದು. ಅದಕ್ಕೆ ಆ್ಯಂಟಿಬಯೋಟಿಕ್ ಬೇಗನೆ ದೊರೆಯಬೇಕು. ಕಷಾಯ, ತೈಲಗಳಲ್ಲಿ ದಿನ ಕಳೆದರೆ ಮೂತ್ರಪಿಂಡ, ಯಕೃತ್ತುಗಳಿಗೆ ಹಾನಿಯಾಗಬಹುದು. ಸಿದ್ದಾಪುರದ ಕಡೆ ಕಾಣಿಸಿಕೊಳ್ಳುವ ಮಂಗನ ಕಾಯಿಲೆಯು ವೈರಸ್‌ನಿಂದ ಬರುವಂತಹದು. ಅದರ ಮೇಲೆ ಆ್ಯಂಟಿಬಯೋಟಿಕ್ ಕೆಲಸಮಾಡುವುದಿಲ್ಲ. ಜ್ವರ ಯಾವುದೆಂಬುದು ರಕ್ತಪರೀಕ್ಷೆಯಿಂದ ತಿಳಿಯಬೇಕೇ ಹೊರತು ಊಹೆಯಿಂದಲ್ಲ.

ಮನೆಯಲ್ಲಿ ಪಾಲಿಸಬೇಕಾದ ಕ್ರಮಗಳು

1. ವೈದ್ಯರು ಬರೆದ ಆ್ಯಂಟಿಬಯೋಟಿಕ್‌ನ ಪ್ರಮಾಣವನ್ನೂ ದಿನಗಳನ್ನೂ ನೀವಾಗಿ ಕಡಿಮೆ ಮಾಡಬೇಡಿರಿ, ಹೆಚ್ಚಿಸಲೂಬೇಡಿರಿ. ಉಳಿದ ಗುಳಿಗೆಯನ್ನು ಇನ್ನೊಬ್ಬರಿಗೆ ಕೊಡಬೇಡಿರಿ. ಹಳೆಯ ಚೀಟಿಯನ್ನು ತೋರಿಸಿ ಮತ್ತೆ ಕೊಳ್ಳಬೇಡಿರಿ.

2. ಸಾರತೈಲವನ್ನು ಹೊಟ್ಟೆಗೆ ಸೇವಿಸಬೇಡಿರಿ. ಲವಂಗದ ತೈಲವನ್ನು ಕುಡಿದ ಪುಟ್ಟ ಮಕ್ಕಳಲ್ಲಿ ಯಕೃತ್ತಿಗೆ ತೀವ್ರ ಹಾನಿಯಾದ ಪ್ರಕರಣಗಳು ವೈದ್ಯಸಾಹಿತ್ಯದಲ್ಲಿವೆ. ಕರ್ಪೂರ ಮತ್ತು ನೀಲಗಿರಿ ತೈಲಗಳಿಂದ ಅಪಸ್ಮಾರದಂತೆ ಸೆಳವು ಬಂದುದನ್ನು ಬೆಂಗಳೂರಿನ ನರರೋಗ ತಜ್ಞರೂ ವರದಿ ಮಾಡಿದ್ದಾರೆ. ಈ ಸೀಸೆಗಳು ಮಕ್ಕಳ ಕೈಗೆ ಸಿಗಬಾರದು.

3. ನೇರ ಸಾರತೈಲವನ್ನು ತೆರೆದ ಗಾಯಕ್ಕೆ, ಕಣ್ಣಿನ ಸಮೀಪಕ್ಕೆ, ಶಿಶುಗಳ ಮೂಗಿಗೆ ಅಥವಾ ಎದೆಗೆ ಹಚ್ಚಬೇಡಿರಿ. ಗಾಯವನ್ನು ಕುದಿಸಿ ಆರಿಸಿದ ನೀರಿನಿಂದ ತೊಳೆದು, ಶುದ್ಧವಾದ ಬಟ್ಟೆಯನ್ನು ಕಟ್ಟಿ ವೈದ್ಯರಿಗೆ ತೋರಿಸಿರಿ. ಧನುರ್ವಾತದ ಚುಚ್ಚುಮದ್ದಿನ ಬಗೆಗೆ ವಿಚಾರಿಸಿರಿ.

4. ಅಡಿಗೆಯಲ್ಲಿ ಮೆಣಸು, ಲವಂಗ, ಓಮ, ದಾಲ್ಚಿನ್ನಿಗಳನ್ನು ವಾಡಿಕೆಯಂತೆ ಬಳಸಲು ಅಡ್ಡಿಯಿಲ್ಲ. ಹಲ್ಲುನೋವಿಗೆ ಒಂದು ಲವಂಗವನ್ನು ಕಚ್ಚಿಹಿಡಿಯುವುದೂ, ದೊಡ್ಡಪತ್ರೆಯ ತಂಬುಳಿಯೂ ಎಂದಿನಂತೆ ಇರಲಿ. ಪೈಪರೀನ್‌ನ ಸಾಂದ್ರ ಗುಳಿಗೆಗಳ ವಿಷಯ ಬೇರೆ. ಅವು ಫೆನಿಟಾಯಿನ್, ಪ್ರೊಪ್ರನಾಲಾಲ್, ಥಿಯೋಫಿಲಿನ್ ಮೊದಲಾದ ಔಷಧಗಳ ರಕ್ತದ ಮಟ್ಟವನ್ನು ಏರಿಸಬಲ್ಲವು. ಅಪಸ್ಮಾರ, ಹೃದ್ರೋಗ, ಉಬ್ಬಸಕ್ಕೆ ಔಷಧ ಸೇವಿಸುವವರು ಅವುಗಳನ್ನು ತಾವಾಗಿ ಕೊಳ್ಳಬಾರದು.

5. ಆಯುರ್ವೇದ ವೈದ್ಯರಿಗೆ ಆಸ್ಪತ್ರೆಯ ಚೀಟಿಯನ್ನು ತೋರಿಸಿರಿ. ಆಸ್ಪತ್ರೆಯ ವೈದ್ಯರಿಗೆ ನೀವು ಸೇವಿಸುತ್ತಿರುವ ಕಷಾಯ, ಚೂರ್ಣ, ತೈಲಗಳನ್ನು ಹೇಳಿರಿ. ಒಬ್ಬರಿಂದ ಇನ್ನೊಬ್ಬರಿಗೆ ಮುಚ್ಚಿಟ್ಟರೆ ನಷ್ಟವಾಗುವುದು ರೋಗಿಗೆ.

6. ಬಾವು ಏರುತ್ತಿದ್ದರೆ, ಗಾಯದಿಂದ ಕೆಂಪು ಗೆರೆ ಮೇಲಕ್ಕೆ ಹರಿದರೆ, ಚಳಿಜ್ವರ ಬಂದರೆ, ಮೂತ್ರ ಕಡಿಮೆಯಾದರೆ, ಅಥವಾ ಗಾಯವಾದವರು ಮಧುಮೇಹಿಯಾಗಿದ್ದರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗಿರಿ. ಕೀವಿನ ಪರೀಕ್ಷೆಗೆ ಬರೆದರೆ ತಪ್ಪದೆ ಮಾಡಿಸಿರಿ. ಯಾವ ಮದ್ದು ನಾಟುತ್ತದೆ ಎಂಬುದು ಅದರಿಂದಲೇ ತಿಳಿಯುವುದು.

ಪಶ್ಚಿಮ ಘಟ್ಟದ ಸಸ್ಯಸಂಪತ್ತಿನಲ್ಲಿ ನಾಳಿನ ಔಷಧಗಳು ಅಡಗಿರಬಹುದು ಎಂಬ ನಂಬಿಕೆ ನನಗೆ ದೃಢವಾಗಿದೆ. ಬೆಳಗಾವಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪಾರಂಪರಿಕ ಔಷಧ ಸಂಸ್ಥೆಯಿದೆ, ವಿಶ್ವವಿದ್ಯಾಲಯಗಳಿವೆ, ಆಯುರ್ವೇದ ಮಹಾವಿದ್ಯಾಲಯಗಳಿವೆ. ನಮ್ಮ ದೊಡ್ಡಪತ್ರೆ, ನಮ್ಮ ದಾಲ್ಚಿನ್ನಿಯ ತೈಲಗಳು ಯಾವ ಆ್ಯಂಟಿಬಯೋಟಿಕ್‌ಗೆ ಯಾವ ಪ್ರಮಾಣದಲ್ಲಿ ಜೊತೆಯಾಗಬಲ್ಲವು ಎಂಬುದನ್ನು ಗಾಯದ ಮೇಲೆ, ರೋಗಿಯ ಮೇಲೆ ಕ್ರಮಬದ್ಧವಾಗಿ ಪರೀಕ್ಷಿಸುವ ಕೆಲಸ ಇಂತಹ ಕಡೆಗಳಲ್ಲಿ ನಡೆಯಬೇಕು. ಮೆಣಸಿಗೆ ಮೂವತ್ತು ವರ್ಷ ಹಿಡಿದಂತೆ ಇವುಗಳಿಗೂ ಕಾಲ ಹಿಡಿದೀತು.

ಅಲ್ಲಿಯವರೆಗೆ ಇರುವ ಆ್ಯಂಟಿಬಯೋಟಿಕ್‌ಗಳ ಬಲವನ್ನು ಕಾಪಾಡಿಕೊಳ್ಳುವುದು ನಮ್ಮ ಪಾಲಿನ ಕೆಲಸ. ಸೊಪ್ಪಿನ ಬೆಟ್ಟವನ್ನು ಹಿತಮಿತವಾಗಿ ಸವರಿದರೆ ಮರ ಮತ್ತೆ ಚಿಗುರುತ್ತದೆ, ತೋಟಕ್ಕೆ ಮುಂದಿನ ವರ್ಷವೂ ಸೊಪ್ಪು ದೊರೆಯುತ್ತದೆ. ಸಿಕ್ಕಸಿಕ್ಕಂತೆ ಕಡಿದರೆ ಬೆಟ್ಟ ಬೋಳಾಗುತ್ತದೆ. ಬೋಳಾದ ಬೆಟ್ಟದ ನಷ್ಟವನ್ನು ಕಡಿದವನು ಮಾತ್ರವಲ್ಲ, ಅವನ ಮಕ್ಕಳೂ ಅನುಭವಿಸುತ್ತಾರೆ. ಆ್ಯಂಟಿಬಯೋಟಿಕ್‌ಗಳೂ ಹಾಗೆಯೇ. ಒಬ್ಬರ ಅರೆಬರೆ ಸೇವನೆಯಿಂದ ಬಲಿತ ರೋಗಾಣು ನೆರೆಮನೆಯ ಬಾಣಂತಿಗೂ ಹಸುಗೂಸಿಗೂ ತಗುಲಬಹುದು. ಅಂದು ಅವರಿಗೆ ಮದ್ದು ನಾಟಬೇಕಾದರೆ ಇಂದು ನಮ್ಮ ಕೈಯಲ್ಲಿರುವ ಗುಳಿಗೆಯನ್ನು ಹೇಳಿದಷ್ಟು, ಹೇಳಿದ ಹೊತ್ತಿಗೆ, ಹೇಳಿದಷ್ಟು ದಿನ ಸೇವಿಸಬೇಕು.